ನೇಮ ಮುಗಿದ ಮೇಲೆ ಊಟದ ಎಲೆ ಎಲ್ಲಿ ಹಾಕುವುದು?

"ಕಟ್ಟುಕಟ್ಟಳೆ ಮುರಿಯಬಾರದು" ಅನ್ನುವ ಮಾತು ನಮ್ಮ ತುಳುನಾಡಿನ ಕುಟುಂಬಗಳಲ್ಲಿ ಯಾವಾಗ ಹೊರಗೆ ಬರುತ್ತದೆ ಅಂತ ಸ್ವಲ್ಪ ಗಮನಿಸಿ ನೋಡಿ. ನಾನಂತೂ ತುಂಬ ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ನಮ್ಮ ದೈವದ ಸಾನದ (ಗುಡಿಯ) ಮುರಕಲ್ಲಿನ ಗೋಡೆ ಕೆಡವಿ ಗ್ರಾನೈಟ್ ಹಾಕಿದಾಗ ಈ ಮಾತು ಬರಲಿಲ್ಲ. ಹೆಂಚು ತೆಗೆದು ತಾಮ್ರದ ಹೊದಿಕೆ ಮಾಡಿಸಿದಾಗಲೂ ಬರಲಿಲ್ಲ. ದೊಂದಿಯ ಜಾಗಕ್ಕೆ ಟ್ಯೂಬ್‌ಲೈಟ್ ಬಂತು, ಅದು ಹೋಗಿ ಎಲ್‌ಇಡಿ ಬಂತು, ಯಾರೂ ತುಟಿ ಬಿಚ್ಚಲಿಲ್ಲ. ಬೆಂಗಳೂರು, ಮುಂಬೈಯವರಿಗೆ ರಜೆ ಹೊಂದಲಿ ಅಂತ ನೇಮವನ್ನೇ, ಅಂದರೆ ದೈವಕ್ಕೆ ರಾತ್ರಿಯಿಡೀ ನಡೆಸುವ ಉತ್ಸವವನ್ನೇ, ಶನಿವಾರಕ್ಕೆ ತಳ್ಳಿದಾಗ ಎಲ್ಲರೂ "ಒಳ್ಳೆದೇ ಆಯ್ತು" ಅಂದರು. ಹಿಂದೆ ಕೋಳಿ, ಶೇಂದಿ ಇಟ್ಟು ಅಗೆಲು (ದೈವದ ಎಡೆ) ಬಳಸುತ್ತಿದ್ದ ಕಲ್ಲಿನ ಮುಂದೆ ಈಗ ಸೀಯಾಳ, ಪಂಚಕಜ್ಜಾಯ. ನನ್ನ ಅಜ್ಜಿ ತನ್ನ ಜನ್ಮದಲ್ಲಿ ನಮ್ಮ ಸಾನಕ್ಕೆ ಬ್ರಹ್ಮಕಲಶ ಆಗುವುದನ್ನು ಕಂಡವಳಲ್ಲ. ಈಗ ಅದೂ ಆಗಿದೆ, ಅದರ ಮೊದಲು ಅಷ್ಟಮಂಗಲ ಪ್ರಶ್ನೆಯೂ ಆಗಿದೆ, ಎರಡಕ್ಕೂ ವಂತಿಗೆ ಕೊಟ್ಟು ನಾವೇ ರಶೀದಿ ಇಟ್ಟುಕೊಂಡಿದ್ದೇವೆ.

ಈ ಸಲ ನನ್ನ ದೊಡ್ಡಮ್ಮನ ಮಗ ಒಂದು ಮಾತು ಹೇಳಿದ. "ದೈವ ಕಟ್ಟುವವರಿಗೂ ನಮ್ಮ ಪೆಂಡಾಲಿನಲ್ಲೇ ಎಲೆ ಹಾಕುವ, ಹಿಂದೆ ಹಟ್ಟಿ (ದನದ ಕೊಟ್ಟಿಗೆ) ಹತ್ತಿರ ಬೇಡ." ಅಷ್ಟೇ. ಕಟ್ಟುಕಟ್ಟಳೆ ಥಟ್ಟಂತ ಎದ್ದು ನಿಂತಿತು.

ಘಟ್ಟದ ಮೇಲಿನವರಿಗೆ ಸ್ವಲ್ಪ ವಿವರ ಹೇಳಿಬಿಡುತ್ತೇನೆ. ನಮ್ಮ ಕಡೆ ಕುಟುಂಬದ ಮೂಲ ಮನೆಗೆ ತರವಾಡು ಅನ್ನುತ್ತೇವೆ. ಅಲ್ಲಿ ಈಗ ಯಾರೂ ಉಳಿಯದಿದ್ದರೂ ಸಂಜೆ ದೀಪ ಇಡಲು ಒಬ್ಬರು ಇರುತ್ತಾರೆ. ಆ ಮನೆಗೆ ಸೇರಿದ ದೈವಗಳು ಇರುತ್ತವೆ, ಪಂಜುರ್ಲಿ, ಜುಮಾದಿ, ಕಲ್ಲುರ್ಟಿ, ಹೀಗೆ. ವರ್ಷಕ್ಕೊಮ್ಮೆ ತಂಬಿಲ ಅನ್ನುವ ಸಣ್ಣ ಪೂಜೆ, ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ನೇಮ. ನೇಮ ಕಟ್ಟಿಸುವವರು ಬಂಟರು, ಬಿಲ್ಲವರು, ಜೈನರು ಇತ್ಯಾದಿ. ದೈವ ಕಟ್ಟುವವರು, ಅಂದರೆ ದೈವದ ವೇಷ ತೊಟ್ಟು ಕುಣಿಯುವವರು, ಜಾತಿಯಲ್ಲಿ ಕೆಳಗೆ ಅಂತ ನಮ್ಮವರು ದೂರ ಇಟ್ಟ ಪಂಬದರು, ಪರವರು, ನಲಿಕೆಯವರು. ಇವರು ಅದನ್ನು ತಂದೆಯಿಂದ, ಮಾವನಿಂದ ಕಲಿತವರು. ಕುಣಿತ ಒಂದೇ ಅಲ್ಲ, ದೈವದ ಕತೆಯನ್ನು ಗಂಟೆಗಟ್ಟಲೆ ಹಾಡಿ ಹೇಳುವ ಪಾಡ್ದನ, ತೆಂಗಿನ ಎಳೆ ಗರಿಯಲ್ಲಿ ತಿರಿ ಕಟ್ಟುವ ಕೆಲಸ, ಬೆನ್ನಿಗೆ ಕಟ್ಟುವ ಅಣಿ, ಮುಖಕ್ಕೆ ಅರದಾಳ ಹಚ್ಚುವ ಕ್ರಮ, ಎಲ್ಲ ಅವರ ತಲೆಯಲ್ಲಿ, ಕೈಯಲ್ಲಿ ಇರುವಂಥದ್ದು. ಪುಸ್ತಕ ನೋಡಿ ಕಲಿಯುವ ವಿದ್ಯೆ ಅಲ್ಲ ಅದು.

ಎಣ್ಣೆಬೂಳ್ಯ (ಸ್ನಾನಕ್ಕೆ ಎಣ್ಣೆ, ಜೊತೆಗೆ ವೀಳ್ಯ) ಕೊಟ್ಟ ಮೇಲೆ ಆ ಮನುಷ್ಯ ಬೇರೆಯೇ. ಸ್ನಾನ ಮಾಡಿ ಬಂದು ಬಣ್ಣಕ್ಕೆ ಕೂರುತ್ತಾರೆ, ಅವರ ಮನೆಯ ಹೆಂಗಸರಲ್ಲಿ ಒಬ್ಬರು ತೆಂಬರೆ ಬಡಿಯುತ್ತಾ ಪಾಡ್ದನ ಎತ್ತುತ್ತಾರೆ. ಕೊನೆಗೆ ಗಗ್ಗರ. ಆ ಕಂಚಿನ ಬಳೆಗಳನ್ನು ಕೈಯಲ್ಲಿ ಹಿಡಿದು ಒಂದು ಸಲ ಅಲುಗಾಡಿಸಿ ಕಾಲಿಗೆ ಸೇರಿಸಿದ ಮೇಲೆ ಅಂಗಳದಲ್ಲಿ ಮಾತು ನಿಲ್ಲುತ್ತದೆ. ಊರಲ್ಲಿ ಮೀಸೆ ತಿರುವಿ ಓಡಾಡುವ ನನ್ನ ಸೋದರಮಾವ, ಕುಟುಂಬದ ಯಜಮಾನರು, ಹೆಗಲ ಮೇಲಿನ ಶಾಲು ಸೊಂಟಕ್ಕೆ ಕಟ್ಟಿ ಕೈ ಮುಗಿದು ನಿಲ್ಲುತ್ತಾರೆ. ದೈವ ಅವರನ್ನು ಬೈಯುತ್ತದೆ. "ಕೊಟ್ಟ ಮಾತು ಏನಾಯಿತು?" ಅಂತ ಎಲ್ಲರ ಎದುರು ಕೇಳುತ್ತದೆ. ಮಾವ ತಲೆ ತಗ್ಗಿಸಿ "ತಪ್ಪಾಯಿತು" ಅನ್ನುತ್ತಾರೆ. ಬೇರೆ ಯಾರ ಮುಂದೆಯೂ ಅವರ ಬಾಯಲ್ಲಿ ಆ ಮಾತು ನಾನು ಕೇಳಿಲ್ಲ.

ಬೆಳಗ್ಗೆ ಗಗ್ಗರ ಬಿಚ್ಚುತ್ತಾರೆ. ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾರೆ. ಕಣ್ಣು ಕೆಂಪಗೆ, ಸೊಂಟ ಹಿಡಿದುಹೋಗಿರುತ್ತದೆ, ಕಾಲಿನ ಗಂಟಿನ ಹತ್ತಿರ ಗಗ್ಗರ ತಾಗಿ ಚರ್ಮ ಕೆತ್ತಿರುತ್ತದೆ. ಇಡೀ ರಾತ್ರಿ ಮಾವ ಕೈ ಮುಗಿದು ನಿಂತಿದ್ದ ಎಪ್ಪತ್ತರ ಆಸುಪಾಸಿನ ಅದೇ ಹಿರಿಯರನ್ನು ಆಗ ನಮ್ಮ ಮನೆಯ ಇಪ್ಪತ್ತರ ಹುಡುಗ "ಏ, ನೀನು ಉಂಡಾಯ್ತಾ?" ಅಂತ ಕೇಳುತ್ತಾನೆ. ಅವರ ಎಲೆ ಹಟ್ಟಿಯ ಪಕ್ಕ.

"ಅವರಿಗೆ ಅಲ್ಲೇ ಅಭ್ಯಾಸ" ಅಂತ ನಮ್ಮವರ ಉತ್ತರ. ಅಭ್ಯಾಸ ಮಾಡಿಸಿದ್ದು ಯಾರು ಅಂತ ಕೇಳಿದರೆ ಮಾತು ಬೇರೆ ಕಡೆ ಹೋಗುತ್ತದೆ.

ನನಗೆ ಈ ಆಚರಣೆ ಬೇಕು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಓದುವ ಬೆಂಗಳೂರಿನ ಕೆಲವು ಗೆಳೆಯರು "ಹಾಗಾದರೆ ಎಲ್ಲ ಬಿಟ್ಟುಬಿಡಿ, ಮೂಢನಂಬಿಕೆ ಅಲ್ವಾ" ಅನ್ನುತ್ತಾರೆ ಅಂತ ಗೊತ್ತು. ಮಂಗಳೂರಿಗೆ 1834ರಲ್ಲಿ ಬಾಸೆಲ್ ಮಿಷನ್ ಪಾದ್ರಿಗಳು ಬಂದ ಕಾಲದಿಂದಲೂ ಇದನ್ನು ಪಿಶಾಚಿ ಪೂಜೆ ಅಂತ ಕರೆದವರು ಬೇಕಾದಷ್ಟು ಜನ. ಓದಿದ ನಮ್ಮವರಲ್ಲೇ ನಾಚಿಕೆಪಟ್ಟವರೂ ಇದ್ದಾರೆ. ಆ ನಾಚಿಕೆ ನನಗಿಲ್ಲ. ಕೋರ್ಟು ಕಚೇರಿ ಮೆಟ್ಟಿಲು ಹತ್ತಲು ಕಾಸಿಲ್ಲದ ಹೆಂಗಸು ದೈವದ ಮುಂದೆ ನಿಂತು ಮೈದುನನ ಮೇಲೆ ದೂರು ಹೇಳಿ, ಇಡೀ ಊರಿನ ಎದುರು ಉತ್ತರ ಕೇಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ಎಲ್ಲ ಸಲವೂ ನ್ಯಾಯವಾಗಿಯೇ ಮುಗಿಯುತ್ತದೆ ಅಂತಲ್ಲ. ಆದರೆ ಆಕೆಯ ಮಾತು ಕೇಳುವ ಒಂದು ಅಂಗಳ ಇತ್ತು.

ಮತ್ತೆ ನಮ್ಮ ದೈವಗಳು ಯಾರು ಅಂತ ಒಂದು ಸಲ ನೋಡಿ. ಕಲ್ಕುಡ ಒಬ್ಬ ಕಲ್ಲುಕುಟಿಗ. ಕಾರ್ಕಳದ ಗೊಮ್ಮಟನನ್ನು ಕೆತ್ತಿದವನು ಅಂತ ಪಾಡ್ದನ ಹೇಳುತ್ತದೆ. ಇಂಥದ್ದನ್ನು ಇನ್ನೊಂದು ಕಡೆ ಮಾಡಬಾರದು ಅಂತ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಉಳಿದ ಕೈಯಲ್ಲೇ ಅವನು ವೇಣೂರಿನ ಗೊಮ್ಮಟನನ್ನು ಕೆತ್ತಿದ. ತಂಗಿ ಕಲ್ಲುರ್ಟಿ ಅಣ್ಣನ ಸೇಡು ತೀರಿಸಿಕೊಂಡಳು. (ಕಾರ್ಕಳದ ಮೂರ್ತಿ ನಿಂತದ್ದು 1432ರಲ್ಲಿ, ವೇಣೂರಿನದ್ದು 1604ರಲ್ಲಿ. ಪಾಡ್ದನಕ್ಕೆ ಇಂಥ ಲೆಕ್ಕ ಎಲ್ಲ ಬೇಡ, ಅದಕ್ಕೆ ಬೇಕಾದದ್ದು ಕಡಿದ ಕೈ ಯಾರದ್ದು ಅನ್ನುವುದು.) ಅವಳಿ ವೀರರಾದ ಕೋಟಿ ಚೆನ್ನಯರ ತಾಯಿ ದೇಯಿ ಬೈದೆತಿ ಪಡುಮಲೆಯ ಅರಸ ಬಲ್ಲಾಳನ ಪ್ರಾಣ ಉಳಿಸಿದವಳು. ಕೊಟ್ಟ ಮಾತು ಬಲ್ಲಾಳ ಉಳಿಸಿಕೊಳ್ಳಲಿಲ್ಲ, ಮಕ್ಕಳು ಊರು ಬಿಟ್ಟು ಹೋಗಬೇಕಾಯಿತು. ಈಗ ಊರೂರಲ್ಲಿ ಅವರನ್ನು ಪೂಜಿಸುವ ಗರಡಿ.

ಕೊರಗಜ್ಜನ ಕತೆ ಇನ್ನೂ ನೇರ. ಕೊರಗ ಅನ್ನುವ ಬುಡಕಟ್ಟಿನ ಹುಡುಗ ತನಿಯ, ಅನಾಥ, ಶೇಂದಿ ಮಾರುವ ಮೈರಕ್ಕ ಬೈದೆತಿ ಸಾಕಿದ್ದು. ಏಳು ಜನ ಹೊರುವ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನಕ್ಕೆ ತಂದ. ಅಂಗಳದಲ್ಲೇ ನಿಲ್ಲಿಸಿದರು. ಹೊರೆ ಒಳಗೆ ಹೋಗಬಹುದು, ಹೊತ್ತವನು ಹೋಗಬಾರದು! ಅವನು ಅಲ್ಲೇ ಮಾಯವಾದ ಅಂತ ಕತೆ. ಇವತ್ತು ಮಂಗಳೂರಿನಲ್ಲಿ ಒಂದು ಉಂಗುರ ಕಳೆದರೂ, ಪಾಸ್‌ಪೋರ್ಟ್ ಸಿಗದಿದ್ದರೂ ಕೊರಗಜ್ಜನಿಗೆ ಚಕ್ಕುಲಿ, ಬೀಡಾ, ಕುಡಿಯಲು ಒಂದಿಷ್ಟು ಅಂತ ಹೇಳಿಕೊಳ್ಳದವರು ಕಡಿಮೆ. ಕಾರಿನ ಹಿಂದಿನ ಗಾಜಿನ ಮೇಲೆ ಅಜ್ಜನ ಚಿತ್ರ. ಅದೇ ಊರಿನಲ್ಲಿ, ಅದೇ ಕೊರಗರಿಗೆ, ಕೂದಲು ಉಗುರು ಬೆರೆಸಿದ ಅನ್ನ ಕೊಟ್ಟು ಮೇಲಿನವರ ರೋಗ, ದೋಷ ದಾಟಿಸುವ ಅಜಲು ಪದ್ಧತಿ ಇತ್ತು. ಅದನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ. ಮೊಬೈಲ್ ಬಂದ ಮೇಲೆ, ಅಲ್ವಾ? ಅದನ್ನೂ ಅಷ್ಟು ದಿನ ಕಟ್ಟುಕಟ್ಟಳೆ ಅಂತಲೇ ಕರೆದಿದ್ದರು.

ಹಾಗಾಗಿ "ಹಿರಿಯರಿಗೆ ಗೌರವ ಕೊಡಬೇಕು" ಅಂದಾಗ ನನಗೆ ಒಂದು ಪ್ರಶ್ನೆ ಬರುತ್ತದೆ. ಯಾವ ಹಿರಿಯರಿಗೆ? ಪಾಡ್ದನ ಕಟ್ಟಿದವರೂ ಹಿರಿಯರೇ. ಬಲ್ಲಾಳ ಮಾತು ತಪ್ಪಿದ, ಅರಸ ಕೈ ಕಡಿಸಿದ, ದೇವಸ್ಥಾನದವರು ಬಾಗಿಲಲ್ಲಿ ತಡೆದರು ಅಂತ ಹೆಸರು ಹಿಡಿದು, ರಾಗ ಹಾಕಿ, ನೂರಾರು ವರ್ಷ ಹೇಳುತ್ತಾ ಬಂದವರು ಅವರು. ನಮ್ಮ ಅಂಗಳಕ್ಕೆ ಬಂದು ನಮ್ಮ ಮುಖಕ್ಕೇ ಹೇಳಿದವರು. ನಾವು ಬೂಳ್ಯ ಕೊಟ್ಟು, ಕೈ ಮುಗಿದು, ಕತೆ ಪೂರ್ತಿ ಕೇಳಿ, ಆಮೇಲೆ ಅವರನ್ನು ಹಟ್ಟಿ ಹತ್ತಿರ ಕೂರಿಸುತ್ತೇವೆ. ಪರಂಪರೆ ಮುರಿದದ್ದು ಎಲೆ ಬದಲಾಯಿಸಲು ಹೊರಟ ನನ್ನ ಅಣ್ಣನೋ ಅಥವಾ ಕತೆ ಕೇಳಿಯೂ ಕೇಳದ ಹಾಗೆ ಇರುವ ನಾವೋ ಅಂತ ಸಭೆಯಲ್ಲಿ ಕೇಳಿದೆ. ಒಬ್ಬ ಚಿಕ್ಕಪ್ಪ "ನೀನು ಲೆಕ್ಚರರ್ ಆಗಬೇಕಿತ್ತು ಮಾರಾಯ್ತಿ" ಅಂದರು. ಎಲ್ಲರೂ ನಕ್ಕರು, ವಿಷಯ ಅಲ್ಲಿಗೆ ಜಾರಿತು. ನಮ್ಮ ಕಡೆ ಇದೊಂದು ಒಳ್ಳೆಯ ಉಪಾಯ.

ಇದೆಲ್ಲ ಬದಲಾದರೆ ನೇಮವೇ ನಿಂತುಹೋಗುತ್ತದೆ ಅನ್ನುವ ಹೆದರಿಕೆಯೂ ಇದೆ, ಅದನ್ನು ನಾನು ತಮಾಷೆ ಮಾಡುವುದಿಲ್ಲ. ಆದರೆ ಹಳೆ ಲೆಕ್ಕ ಸ್ವಲ್ಪ ನೋಡಿ. ನಮ್ಮಂಥ ಮನೆಗಳಿಗೆ ಬಿದ್ದ ದೊಡ್ಡ ಪೆಟ್ಟು 1974ರ ಭೂಸುಧಾರಣೆ. ಊರಲ್ಲಿ ಈಗಲೂ ಅದಕ್ಕೆ "ಡಿಕ್ಲರೇಶನ್" ಅಂತಲೇ ಹೇಳುತ್ತಾರೆ. ಅಲ್ಲಿಯವರೆಗೆ ನೇಮ ಅಂದರೆ ಒಕ್ಕಲುಗಳು ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ, ಸೀಯಾಳ ತಂದು ಹಾಕಬೇಕು, ಚಪ್ಪರಕ್ಕೆ ಜನ ಬರಬೇಕು, ಕೂಲಿ ಇಲ್ಲ. ಗೇಣಿ ಮಾಡುತ್ತಿದ್ದವನೇ ಭೂಮಿಯ ಒಡೆಯ ಆದ ಮೇಲೆ ಅದೆಲ್ಲ ಮುಗಿಯಿತು. ಅಜ್ಜ ಹಾಸಿಗೆ ಹಿಡಿದಾಗಲೂ "ಭೂಮಿ ಹೋಯಿತು, ಇನ್ನು ದೈವಕ್ಕೆ ಯಾರು ನಡೆಸುತ್ತಾರೆ" ಅಂತಲೇ ಗೊಣಗುತ್ತಿದ್ದರಂತೆ. ಏನಾಯಿತು? ಮುಂಬೈಯ ಹೋಟೆಲಿನ ದುಡ್ಡು ಬಂತು, ಗಲ್ಫ್ ದುಡ್ಡು ಬಂತು, ನೇಮ ಜೋರಾಯಿತು. ಮೊನ್ನೆ ಮೊನ್ನೆಯವರೆಗೆ ನಮ್ಮ ಒಕ್ಕಲಾಗಿದ್ದ ಮನೆಯವರು ಈಗ ತಮ್ಮದೇ ಅಂಗಳದಲ್ಲಿ ಕೊರಗಜ್ಜನ ಕೋಲ ಮಾಡಿಸುತ್ತಾರೆ, ನಮ್ಮನ್ನೂ ಕರೆಯುತ್ತಾರೆ. ಎಕರೆಗಟ್ಟಲೆ ಗದ್ದೆ ಹೋದದ್ದನ್ನು ತಡೆದುಕೊಂಡ ದೈವ ಒಂದು ಬಾಳೆಎಲೆ ಹತ್ತಡಿ ಆಚೆ ಹೋದರೆ ಮುನಿಯುತ್ತದಾ?

ಅಳಿಯಸಂತಾನದ್ದೂ ಇದೇ ಕತೆ. ನಮ್ಮಲ್ಲಿ ಕುಟುಂಬ ಅಂದರೆ ತಾಯಿಯ ಕಡೆಯಿಂದ. ನನ್ನ ಮಕ್ಕಳು ನಮ್ಮ ತರವಾಡಿನವರು, ನನ್ನ ಸ್ವಂತ ತಮ್ಮನ ಮಕ್ಕಳು ಅಲ್ಲ, ಅವರು ಅವರ ತಾಯಿಯ ಕುಟುಂಬಕ್ಕೆ. ಆಸ್ತಿಯೂ ಹಾಗೇ ಇತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲಿಗೆ ದಾರಿ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಹಳೆಯ ಕ್ರಮ ಮೆಲ್ಲನೆ ಕರಗಿತು. ಈಗ ಆಸ್ತಿ ಅಪ್ಪನ ಕಡೆಯದ್ದು, ದೈವ ಅಮ್ಮನ ಕಡೆಯದ್ದು. ಇಲ್ಲಿ ಸುಧಾರಣೆ ಅಂತ ಬಂದ ಕಾನೂನಿನಿಂದ ಹೆಂಗಸರಿಗೆ ಸಿಕ್ಕಿದ್ದೆಷ್ಟು, ಹೋದದ್ದೆಷ್ಟು ಅಂತ ಲೆಕ್ಕ ಹಾಕಲು ಕೂತರೆ ಒಂದು ರಾತ್ರಿ ಸಾಲದು. ಅಜ್ಜಿಯ ಕಾಲದಲ್ಲಿ ಗಂಡನ ಜೊತೆ ಸರಿಬರದಿದ್ದರೆ ತರವಾಡಿಗೆ ಬಂದು ಕೂರಬಹುದಿತ್ತು, ಒಂದು ಹೊತ್ತಿನ ಅನ್ನ, ಒಂದು ಮೂಲೆ ಯಾರೂ ಕಿತ್ತುಕೊಳ್ಳುವಂತಿರಲಿಲ್ಲ. ಅದು ಹೋಯಿತು. ಹಾಗಂತ ಅಜ್ಜಿ ರಾಣಿಯ ಹಾಗೆ ಇದ್ದಳು ಅಂತಲೂ ಅಲ್ಲ. ಕುಟುಂಬ ನಡೆಯುವುದು ಹೆಂಗಸಿನಿಂದ, ಯಜಮಾನಿಕೆ ಅವಳ ಅಣ್ಣನದ್ದು. ಇವತ್ತಿಗೂ ನಮ್ಮ ತರವಾಡಿನ ಟ್ರಸ್ಟಿನಲ್ಲಿ ಒಬ್ಬಳೇ ಒಬ್ಬ ಹೆಂಗಸಿಲ್ಲ. ತಾಯಿಯ ಕಡೆಯಿಂದ ಬರುವ ಕುಟುಂಬದ ಸಭೆಯಲ್ಲಿ ತಾಯಂದಿರು ಚಹಾ ಕೊಡುತ್ತಾರೆ.

ಹೊಸದೆಲ್ಲ ಒಳ್ಳೆಯದು ಅಂತ ನಾನು ಯಾವತ್ತೂ ಹೇಳುವುದಿಲ್ಲ ಅನ್ನುವುದಕ್ಕೆ ಇದೊಂದು ಉದಾಹರಣೆ. ಇನ್ನೊಂದು, 2022ರಲ್ಲಿ ಒಂದು ಸಿನಿಮಾ ಓಡಿದ ಮೇಲೆ ದೈವದ ವೇಷ ಹಾಕಿ ಸ್ಕೂಲ್ ಡೇಯಲ್ಲಿ, ಮದುವೆ ರಿಸೆಪ್ಶನ್‌ನಲ್ಲಿ, ರೀಲ್ಸಿನಲ್ಲಿ ಕುಣಿದದ್ದು. ಜಾತಿ ಮೀರಿ ಎಲ್ಲರೂ ಕುಣಿದರಲ್ಲ, ಪ್ರಗತಿ ಅಲ್ವಾ ಅಂತ ಒಬ್ಬರು ನನ್ನಲ್ಲಿ ವಾದ ಮಾಡಿದರು. ದೈವ ಕಟ್ಟುವವರೇ ಬೇಡ ಅಂತ ಕೈ ಮುಗಿದು ಕೇಳಿಕೊಂಡರು. ತಲೆಮಾರುಗಳಿಂದ ವ್ರತ ಹಿಡಿದು ಮಾಡಿದ್ದನ್ನು ಮೂವತ್ತು ಸೆಕೆಂಡಿನಲ್ಲಿ ಮುಗಿಸಿ ಲೈಕ್ ಎಣಿಸುವುದು ನನಗೆ ಸಮಾನತೆಯಾಗಿ ಕಾಣಲಿಲ್ಲ.

ಕಾನೂನು ಬೇಕಾ ಬೇಡವಾ ಅನ್ನುವ ಚರ್ಚೆಯೂ ಬಂತು. ಬೇಕು, ಕೆಲವು ಸಲ ಅದಿಲ್ಲದೆ ಆಗುವುದಿಲ್ಲ. ಕುಕ್ಕೆಯಲ್ಲಿ ಚಂಪಾಷಷ್ಠಿಗೆ ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನಕ್ಕೆ 2014ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಾಗ ಜಾತ್ರೆಯೇ ಹಾಳಾಯಿತು ಅನ್ನುವ ಹಾಗೆ ಮಾತಾಡಿದವರಿದ್ದರು. ಜಾತ್ರೆ ಇದೆ, ರಥ ಎಳೆಯುತ್ತಾರೆ, ನಿಲ್ಲಲು ಜಾಗ ಸಿಗುವುದಿಲ್ಲ. ಕಂಬಳವೂ ಅದೇ ವರ್ಷ ಕೋರ್ಟಿನ ಬಿಸಿಗೆ ಸಿಕ್ಕಿ, ರಾಜ್ಯದ ತಿದ್ದುಪಡಿಯಿಂದ ಉಳಿದು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಒಪ್ಪಿಗೆ ಪಡೆದು, ನವೆಂಬರಿಗೆ ಬೆಂಗಳೂರಿನ ಅರಮನೆ ಮೈದಾನಕ್ಕೇ ಬಂತು. ಬೆತ್ತದ ಪೆಟ್ಟು ಕಡಿಮೆ ಮಾಡಿ ಅಂದಾಗ ಗೊಣಗಿದವರೂ ಈಗ ಸುಮ್ಮನೆ ಓಡಿಸುತ್ತಿದ್ದಾರೆ. ಆದರೆ ಒಂದು ನನ್ನನ್ನು ಕಾಡುತ್ತದೆ. ಕೋಣಕ್ಕೆ ನೋವಾಗುತ್ತದಾ ಇಲ್ಲವಾ ಅಂತ ದಿಲ್ಲಿಯವರೆಗೆ ದೊಡ್ಡ ದೊಡ್ಡ ವಕೀಲರು ವಾದ ಮಾಡಿದರು. ಕಂಬಳದ ಹಿಂದಿನ ರಾತ್ರಿ ಗದ್ದೆಯ ಬದಿಯಲ್ಲಿ ಇಬ್ಬನಿಯಲ್ಲಿ ಕೂತು ಡೋಲು ಬಡಿಯಬೇಕಾಗಿದ್ದ ಕೊರಗರ ಬಗ್ಗೆ ಟಿವಿಯಲ್ಲಿ ಅಂಥ ಚರ್ಚೆ ಒಂದನ್ನೂ ನಾನು ನೋಡಲಿಲ್ಲ.

ಇಷ್ಟೆಲ್ಲ ವಾದ ಕೂಡಿಸಿಕೊಂಡು, ನೇಮಕ್ಕೆ ಇನ್ನೂ ದಿನ ಇರುವಾಗ, ದೈವ ಕಟ್ಟುವ ಹಿರಿಯರ ಮಗನನ್ನು ಹೋಗಿ ಮಾತಾಡಿಸಿದೆ. ಡಿಪ್ಲೊಮಾ ಮಾಡಿದ್ದಾರೆ, ಮಂಗಳೂರಿನಲ್ಲಿ ಕೆಲಸ. ಅಪ್ಪನಿಗೆ ಮಂಡಿ ಆಗುವುದಿಲ್ಲ ಅಂತ ಈ ವರ್ಷದಿಂದ ಗಗ್ಗರ ಇವರ ಕಾಲಿಗೆ ಬರಬೇಕು. ನಾವು ಎಲೆ ಒಳಗೆ ತರುವ ಬಗ್ಗೆ ಎಷ್ಟು ಹೋರಾಡುತ್ತಿದ್ದೇವೆ ಅಂತ ಹೇಳಿದೆ. ಅವರು ಪೂರ್ತಿ ಕೇಳಿದರು.

"ಅಕ್ಕ, ಎಲೆ ಎಲ್ಲಿ ಬೇಕಾದರೂ ಹಾಕಿ. ನಾನು ಬಣ್ಣ ತೆಗೆದು ಬೈಕ್ ಹತ್ತಿ ಪೇಟೆಯ ಹೋಟೆಲಿನಲ್ಲಿ ತಿಂದು ಹೋಗುವವನು. ನನಗೆ ಮೊದಲು ಬಾಗಿಲು ಇರುವ ಒಂದು ಕೋಣೆ ಬೇಕು."

ನಮ್ಮ ಅಂಗಳದ ಮೂಲೆಯಲ್ಲಿ ತೆಂಗಿನ ಮಡಲು ಕಟ್ಟಿ ಒಂದು ಮರೆ ಮಾಡಿಕೊಡುತ್ತೇವೆ. ಬಣ್ಣಕ್ಕೆ ಕೂರುವುದು ಅಲ್ಲಿ. ಸಂದಿಯಿಂದ ಮೊಬೈಲ್ ತೂರಿಸಿ ವಿಡಿಯೋ ಮಾಡುತ್ತಾರೆ, ಮಕ್ಕಳು ಇಣುಕುತ್ತವೆ. ಅವರ ತಾಯಿ, ಪಾಡ್ದನ ಹೇಳುವವರು, ರಾತ್ರಿಯಿಡೀ ಅಲ್ಲೇ ಇರಬೇಕು, ಆದರೆ ಶೌಚಾಲಯಕ್ಕೆ ನಮ್ಮ ಮನೆಯೊಳಗೆ ಬರುವಂತಿಲ್ಲ, ತೋಟದ ಕಡೆ ಹೋಗಬೇಕು. ಅರವತ್ತು ದಾಟಿದ ಹೆಂಗಸು. ಕೋಣೆ, ನೀರು, ಶೌಚಾಲಯ, ಸಂಭಾವನೆ ಎಷ್ಟು ಅಂತ ಮೊದಲೇ ಮಾತು, ಬಣ್ಣ ಹಾಕುವಾಗ ವಿಡಿಯೋ ಬೇಡ. ಇಷ್ಟು ಅವರ ಷರತ್ತು. "ಇದಾದರೆ ಕಟ್ಟುತ್ತೇನೆ, ಇಲ್ಲದಿದ್ದರೆ ಅಪ್ಪನ ಜೊತೆ ಮುಗಿಯಿತು ಅಂತ ಇಟ್ಟುಕೊಳ್ಳಿ." ಕೋಪ ಇರಲಿಲ್ಲ, ಸುಮ್ನೆ ಹೇಳಿದರು.

ನಮ್ಮ ಸಭೆಗಳಲ್ಲಿ ಇದರಲ್ಲಿ ಒಂದೂ ಯಾರ ಬಾಯಿಂದಲೂ ಬಂದಿರಲಿಲ್ಲ. ಕಟ್ಟುಕಟ್ಟಳೆಯ ಪರ ಮಾತಾಡಿದವರೂ, ಬದಲಾಗಬೇಕು ಅಂದವರೂ ಎಲ್ಲ ನಮ್ಮವರೇ ಆಗಿದ್ದೆವು ನೋಡಿ.

ನೇಮ ಆಯಿತು. ಈ ವರ್ಷಕ್ಕೆ ಮನೆಯ ಹೊರಗಿನ ಚಾವಡಿ ಕೋಣೆಯನ್ನು ಬಣ್ಣಕ್ಕೆ ಬಿಟ್ಟುಕೊಟ್ಟೆವು, ಅದಕ್ಕೆ ಮಾವನೇ ಬೀಗದ ಕೈ ಕೊಟ್ಟರು, ನನಗೆ ಆಶ್ಚರ್ಯ. ಬೆಳಗ್ಗೆ ಪೆಂಡಾಲಿನಲ್ಲಿ ಎಲೆ ಹಾಕಿದ್ದೂ ಆಯಿತು. ಹಿರಿಯರಲ್ಲಿ ಇಬ್ಬರು ಹೊಟ್ಟೆ ಸರಿ ಇಲ್ಲ ಅಂತ ಹೇಳಿ ಹೊರಟರು, ಉಳಿದವರು ಕೂತರು. ಬೈಕ್ ಹತ್ತುವೆ ಅಂದಿದ್ದವರೂ ಅವತ್ತು ಕೂತು ಉಂಡರು, ಗಂಜಿ ಅಲ್ಲ, ಸಾರು, ಪಲ್ಯ, ಪಾಯಸ, ಎಲ್ಲರಿಗೂ ಒಂದೇ. ಬಡಿಸುವ ಹುಡುಗರು ಅವರ ಅಪ್ಪನನ್ನು ಏಕವಚನದಲ್ಲಿ ಮಾತಾಡಿಸುವುದು ಇನ್ನೂ ಬಿಟ್ಟಿಲ್ಲ.

ಈಗ ಸಾನದ ಪಕ್ಕ ಒಂದು ಕೋಣೆ, ಒಂದು ಶೌಚಾಲಯ ಕಟ್ಟಿಸಬೇಕು ಅಂತ ಬರೆದುಕೊಟ್ಟಿದ್ದೇನೆ. ಅದರ ಜೊತೆಗೆ ಟ್ರಸ್ಟಿಗೆ ನನ್ನ ಹೆಸರನ್ನೂ ಕೊಟ್ಟಿದ್ದೇನೆ, ಅದು ಬೇರೆ ಜಗಳ, ಇನ್ನೊಮ್ಮೆ ಬರೆಯುತ್ತೇನೆ. ಮೇಸ್ತ್ರಿ ಬಂದು ಜಾಗ ನೋಡಿ ಲೆಕ್ಕ ಕೊಟ್ಟು ಹೋಗಿದ್ದಾರೆ. ಗ್ರಾನೈಟಿಗೆ ಸುರಿದದ್ದರ ಕಾಲು ಭಾಗವೂ ಆಗುವುದಿಲ್ಲ. ಮಳೆ ಹಿಡಿಯುವ ಮೊದಲು ತಳಪಾಯ ಆಗಬೇಕಂತೆ, ವಂತಿಗೆ ಮಾತ್ರ ಇನ್ನೂ ಅರ್ಧ ಕೂಡ ಸೇರಿಲ್ಲ.